ನೋಟಿಸ್ ಕೊಡದೆ ನೌಕರಿ ಬಿಟ್ಟರೆ ಏನಾಗುತ್ತದೆ? ಬಿಡುವ ಮುಂಚೆ, ಬಿಟ್ಟ ಮೇಲೆ ಮಾಡಬೇಕಾದ ಕೆಲಸಗಳು

"ಸರ್, ನಾಳೆಯಿಂದ ಡ್ಯೂಟಿಗೆ ಹೋಗಂಗಿಲ್ಲ. ನೋಟಿಸ್ ಪೀರಿಯಡ್ ಮುಗಿಸಿಲ್ಲ. ಕೇಸ್ ಹಾಕ್ತಾರೇನ್ರಿ?"

ಈ ಪ್ರಶ್ನೆ ಕೇಳದ ವಾರವಿಲ್ಲ. ಕೇಳುವವರು ಬೆಳಗಾವಿ ಉದ್ಯಮಬಾಗದ ಫೌಂಡ್ರಿಯ ಹುಡುಗರು, ಮುಧೋಳ-ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯವರು, ವಿಜಯಪುರದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು, ಪತ್ತಿನ ಸೊಸೈಟಿಗಳ ಕ್ಯಾಶಿಯರ್‌ಗಳು. ಊರು ಬೇರೆ, ಕೆಲಸ ಬೇರೆ, ಭಯ ಒಂದೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ವಕೀಲನಲ್ಲ. ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹಲವು ವರ್ಷ ಹಾಜರಿ, ಪಗಾರ ಬರೆದವನು. ಹೋಗುವವರನ್ನು ಮೇಜಿನ ಆ ಕಡೆಯಿಂದ ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನೋಟಿಸ್ ಕೊಡದೆ, ಅಂದರೆ ನಿಗದಿ ಮಾಡಿದಷ್ಟು ದಿನ ಮೊದಲೇ ತಿಳಿಸದೆ, ಬಿಡುವುದು ಅಪರಾಧ ಅಲ್ಲ. ಜೈಲಿಲ್ಲ, ಪೊಲೀಸರಿಲ್ಲ. ಪಿಎಫ್ ಮುಳುಗುವುದಿಲ್ಲ. ಆದರೆ ಒಂದಿಷ್ಟು ದುಡ್ಡು ಕಟ್ ಆಗಬಹುದು. ದುಡ್ಡಿಗಿಂತ ಜಾಸ್ತಿ ಕಾಡುವುದು ರಿಲೀವಿಂಗ್ ಲೆಟರ್, ಅಂದರೆ "ಇವರನ್ನು ಇಂಥ ದಿನ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ" ಎಂದು ಕಂಪನಿ ಕೊಡುವ ಕಾಗದ. ಅದು ಸಿಗದಿದ್ದರೆ ಮುಂದಿನ ನೌಕರಿಯಲ್ಲಿ ಪ್ರಶ್ನೆ ಏಳುತ್ತದೆ. ನೋಟಿಸ್ ಕೊಡದೆ ಹೋಗುವುದು ಒಂದು, ಹೇಳದೆ ಹೋಗುವುದು ಇನ್ನೊಂದು. ಮೊದಲನೆಯದನ್ನು ಸರಿಮಾಡಬಹುದು. ಎರಡನೆಯದು ಕಷ್ಟ.

ಇಲ್ಲಿ ಬರೆದಿರುವುದೆಲ್ಲ ಖಾಸಗಿ ನೌಕರಿಗೆ. ಸರ್ಕಾರಿ ನೌಕರರಿಗೆ ಸೇವಾ ನಿಯಮಗಳೇ ಬೇರೆ ಇವೆ.

ಮೊದಲು ಕೈಯಲ್ಲಿ ಇರಬೇಕಾದ್ದು

ಅಪಾಯಿಂಟ್‌ಮೆಂಟ್ ಲೆಟರ್, ಕೊನೆಯ ಮೂರು ತಿಂಗಳ ಪಗಾರ ಚೀಟಿ, ಬಾಕಿ ರಜೆಯ ಲೆಕ್ಕ, ಪಗಾರ ಜಮಾ ಆದ ಬ್ಯಾಂಕ್ ಪಾಸ್‌ಬುಕ್, ಬಾಂಡ್, ಅಂದರೆ ಇಷ್ಟು ವರ್ಷಕ್ಕೆ ಮುಂಚೆ ಬಿಟ್ಟರೆ ಇಷ್ಟು ದುಡ್ಡು ಕೊಡುತ್ತೇನೆ ಎಂಬ ಕರಾರು, ಬರೆದುಕೊಟ್ಟಿದ್ದರೆ ಅದರ ನಕಲು. ಜೊತೆಗೆ ನಿಮ್ಮ ಯುಎಎನ್. ಇದು ಪಿಎಫ್ ಖಾತೆಯ 12 ಅಂಕಿಯ ನಂಬರ್, ಎಷ್ಟು ಕಂಪನಿ ಬದಲಾಯಿಸಿದರೂ ಇದು ಒಂದೇ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇದೆಯಾ ನೋಡಿ.

ಇದನ್ನೆಲ್ಲ ರಾಜೀನಾಮೆ ಕೊಡುವ ಮುಂಚೆ ತೆಗೆದಿಟ್ಟುಕೊಳ್ಳಿ. ಬಹಳ ಕಡೆ ರಾಜೀನಾಮೆ ಕೊಟ್ಟ ಸಂಜೆಯೇ ಕಂಪನಿ ಇಮೇಲ್ ಬಂದ್ ಮಾಡುತ್ತಾರೆ. ಆಮೇಲೆ ಪಗಾರ ಚೀಟಿಗೂ ಅವರ ಮುಂದೆಯೇ ನಿಲ್ಲಬೇಕು. ನಿಮ್ಮ ಕಾಗದ ಮಾತ್ರ ತಗೊಳ್ಳಿ, ಕಂಪನಿಯ ಡ್ರಾಯಿಂಗ್, ಗಿರಾಕಿಗಳ ಪಟ್ಟಿ ಮುಟ್ಟಬೇಡಿ.

1. ಅಪಾಯಿಂಟ್‌ಮೆಂಟ್ ಲೆಟರ್ ಪೂರ್ತಿ ಓದಿ

ಸಹಿ ಮಾಡಿದ ದಿನ ಯಾರೂ ಓದಿರುವುದಿಲ್ಲ. ಈಗ ಓದಿ. ನೋಟಿಸ್ ಎಷ್ಟು ದಿನ? ಪ್ರೊಬೇಷನ್‌ನಲ್ಲಿ, ಅಂದರೆ ಕಾಯಂ ಆಗುವ ಮುಂಚಿನ ಪರೀಕ್ಷೆಯ ಅವಧಿಯಲ್ಲಿ, ಸಾಮಾನ್ಯವಾಗಿ ಕಡಿಮೆ ಇರುತ್ತದೆ. "ನೋಟಿಸ್ ಅಥವಾ ಅದರ ಬದಲು ಪಗಾರ" ಎಂಬ ಮಾತು ಇದೆಯಾ? ಇದ್ದರೆ ನಿಮ್ಮ ಅರ್ಧ ತಲೆನೋವು ಹೋಯಿತು. ಅಷ್ಟು ದಿನದ ಪಗಾರ ಬಿಟ್ಟುಕೊಟ್ಟು ನಿಯಮದ ಪ್ರಕಾರವೇ ಹೋಗಬಹುದು. ಆ ಪಗಾರ ಬೇಸಿಕ್ ಮೇಲೋ ಗ್ರಾಸ್ ಮೇಲೋ ನೋಡಿ. ಬೇಸಿಕ್ ಅಂದರೆ ಮೂಲ ಪಗಾರ, ಗ್ರಾಸ್ ಅಂದರೆ ಭತ್ಯೆಗಳೆಲ್ಲ ಸೇರಿ. ಕೊನೆಗೆ, ಬಾಂಡ್ ಇದೆಯಾ ನೋಡಿ.

ಲೆಟರೇ ಕೊಟ್ಟಿಲ್ಲ ಎನ್ನುವವರೂ ಇದ್ದಾರೆ. ಅಂಗಡಿ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇದು ಮಾಮೂಲು. ಬರವಣಿಗೆಯಲ್ಲಿ ಏನೂ ಇಲ್ಲದಿದ್ದಾಗ "ಮೂರು ತಿಂಗಳ ಪಗಾರ ಕಟ್ಟು" ಎಂದು ಕೇಳಲು ಮಾಲೀಕರಿಗೂ ಆಧಾರ ಇರುವುದಿಲ್ಲ. ತಿಂಗಳ ಪಗಾರದ ನೌಕರಿಗೆ ಒಂದು ತಿಂಗಳು ಮೊದಲೇ ಹೇಳುವುದು ರೂಢಿ. ಸಾಧ್ಯವಾದರೆ ಅಷ್ಟು ಹೇಳಿ.

ಇಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಬರುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ತೋರಿಸಿ "ಒಂದು ತಿಂಗಳು ನೋಟಿಸ್ ಕಡ್ಡಾಯ" ಎಂದು ಹೆದರಿಸುತ್ತಾರೆ. ಆ ಸೆಕ್ಷನ್ ಇರುವುದು ಮಾಲೀಕರು ನೌಕರನನ್ನು ತೆಗೆಯುವುದಕ್ಕೆ ಸಂಬಂಧಿಸಿ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಕೊಡದೆ ತೆಗೆಯಬಾರದು ಎಂದು ಅದು ಹೇಳುತ್ತದೆ. ನಿಮ್ಮನ್ನು ಕಟ್ಟಿಹಾಕುವುದು ನಿಮ್ಮ ಲೆಟರ್. ಇನ್ನೊಂದು ಮಾತು, ಅಂಗಡಿ ಕಾಯ್ದೆ ಆಯಾ ರಾಜ್ಯದ್ದು. ಮನೆ ನಿಪ್ಪಾಣಿಯಲ್ಲಿದ್ದು ನೌಕರಿ ಕೊಲ್ಹಾಪುರದಲ್ಲಿದ್ದರೆ ಮಹಾರಾಷ್ಟ್ರದ ಕಾಯ್ದೆ ನೋಡಬೇಕು.

2. ಎಷ್ಟು ದುಡ್ಡು ಹೋಗುತ್ತದೆ, ನೀವೇ ಲೆಕ್ಕ ಹಾಕಿ

ಉದಾಹರಣೆಗೆ ಗ್ರಾಸ್ ಪಗಾರ 24,000, ಅದರಲ್ಲಿ ಬೇಸಿಕ್ 12,000. ನೋಟಿಸ್ 30 ದಿನ. ನೀವು 12 ದಿನ ಕೆಲಸ ಮಾಡಿ ಹೋಗುತ್ತೀರಿ. ಬಾಕಿ 18 ದಿನ.

ಗ್ರಾಸ್ ಮೇಲೆ ಹಿಡಿದರೆ ದಿನಕ್ಕೆ 800, ಒಟ್ಟು 14,400 ರೂಪಾಯಿ. ಬೇಸಿಕ್ ಮೇಲೆ ಹಿಡಿದರೆ ದಿನಕ್ಕೆ 400, ಒಟ್ಟು 7,200. ಒಂದು ಶಬ್ದಕ್ಕೆ ಸರಿಯಾಗಿ ದುಪ್ಪಟ್ಟು ಫರಕು. ಲೆಟರಿನಲ್ಲಿ ಬೇಸಿಕ್ ಎಂದಿದ್ದರೆ ಗ್ರಾಸ್ ಕಟ್ ಮಾಡಲು ಬಿಡಬೇಡಿ. ಗಳಿಕೆ ರಜೆ, ಅಂದರೆ ಇಎಲ್, 5 ದಿನ ಬಾಕಿ ಇದ್ದು ಕಂಪನಿ ಅದನ್ನು ಹೊಂದಿಸಲು ಒಪ್ಪಿದರೆ 18 ದಿನ 13 ಆಗುತ್ತದೆ. ಬರವಣಿಗೆಯಲ್ಲಿ ಕೇಳಿ.

ಕೆಲವು ಕಡೆ ಈ ಮೊತ್ತದ ಮೇಲೆ 18% ಜಿಎಸ್‌ಟಿ ಸೇರಿಸುತ್ತಾರೆ. ಕೊಡಬೇಡಿ. ನೋಟಿಸ್ ಬದಲು ಹಿಡಿಯುವ ಪಗಾರಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆ 178ರಲ್ಲಿ ಸ್ಪಷ್ಟ ಮಾಡಿದೆ. ಈ ಒಂದು ಸಾಲನ್ನು ಇಮೇಲ್‌ನಲ್ಲಿ ಬರೆದು ಕಳಿಸಿದರೆ ಸಾಕು.

ನೀವೇ ದುಡ್ಡು ಕಟ್ಟಬೇಕಾಗಿ ಬಂದರೆ ನಗದು ಬೇಡ. ಬ್ಯಾಂಕಿನಿಂದಲೇ ಕಳಿಸಿ, ರಸೀದಿ ಕೇಳಿ. ಹೊಸ ಕಂಪನಿ ಅವಸರ ಮಾಡುತ್ತಿದ್ದರೆ ಈ ಮೊತ್ತ ನೀವು ಕೊಡುತ್ತೀರಾ ಎಂದು ಕೇಳಿ ನೋಡಿ. ಹಲವರು ಕೊಡುತ್ತಾರೆ, ಕೇಳುವವರೇ ಕಡಿಮೆ.

ಮೌಲ್ಡಿಂಗ್ ಶಾಪಿನಲ್ಲಿ ಇಡೀ ಗುಂಪೇ ಒಟ್ಟಿಗೆ ಏಳುವುದುಂಟು. ಹಾಗಿದ್ದರೆ ಇದನ್ನೂ ತಿಳಿದಿರಿ. ಹತ್ತು ಅಥವಾ ಜಾಸ್ತಿ ಮಂದಿ ಮಾತಾಡಿಕೊಂಡು, ನೋಟಿಸ್ ಇಲ್ಲದೆ, ಸರಿಯಾದ ಕಾರಣವಿಲ್ಲದೆ ಗೈರಾದರೆ ಎಂಟು ದಿನದವರೆಗಿನ ಪಗಾರ ಹಿಡಿಯಲು ವೇತನ ಕಾನೂನಿನಲ್ಲೇ ಅವಕಾಶ ಇದೆ. ಲೆಟರಿನಲ್ಲಿ ನೋಟಿಸಿನ ಶರತ್ತು ಇರಬೇಕು ಅಷ್ಟೆ.

3. ಇವತ್ತೇ ಹೋದರೂ ಸರಿ, ರಾಜೀನಾಮೆ ಬರೆದು ಹೋಗಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ಟೈಮ್ ಆಫೀಸಿನಲ್ಲಿ ನಾನು ನೋಡಿದ ಹತ್ತು ಜಗಳದಲ್ಲಿ ಎಂಟು "ಅವ ಹೇಳದೇ ಹೋದ" ಎಂಬಲ್ಲಿಂದಲೇ ಶುರು. ರಾಜೀನಾಮೆ ಇಲ್ಲದಿದ್ದರೆ ಕಂಪನಿ ಫೈಲಿನಲ್ಲಿ ನೀವು "ಅಬ್‌ಸ್ಕಾಂಡಿಂಗ್". ಹೇಳದೆ ಕೇಳದೆ ನಾಪತ್ತೆ ಎಂದರ್ಥ. ಹೊಸ ಕಂಪನಿಯವರು ವಿಚಾರಿಸಿದಾಗ ಈ ಶಬ್ದ ಹೊರಗೆ ಬರುತ್ತದೆ.

ಹೀಗೆ ಬರೆದರೆ ಸಾಕು:

"ಮಾನ್ಯರೇ, ನಾನು ತಮ್ಮ ಸಂಸ್ಥೆಯಲ್ಲಿ ಇಂಥ ಹುದ್ದೆಯಲ್ಲಿ, ಇಂಥ ಟೋಕನ್ ನಂಬರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ. ಇಂಥ ತಾರೀಕು ನನ್ನ ಕೊನೆಯ ಕೆಲಸದ ದಿನ. ನೋಟಿಸ್ ಅವಧಿ ಪೂರ್ತಿ ಮಾಡಲು ಆಗುತ್ತಿಲ್ಲ. ಅಪಾಯಿಂಟ್‌ಮೆಂಟ್ ಲೆಟರಿನ ಇಂಥ ಶರತ್ತಿನ ಪ್ರಕಾರ ಬಾಕಿ ದಿನಗಳ ಪಗಾರವನ್ನು ನನ್ನ ಹಿಸಾಬಿನಲ್ಲಿ ಹೊಂದಿಸಿಕೊಳ್ಳಬೇಕು. ನನ್ನ ವಶದಲ್ಲಿರುವ ವಸ್ತುಗಳ ಪಟ್ಟಿ ಜೊತೆಗಿದೆ, ಒಪ್ಪಿಸಲು ಸಿದ್ಧನಿದ್ದೇನೆ. ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ. ಒಂದು ಕೊಟ್ಟು ಇನ್ನೊಂದರ ಮೇಲೆ ಇನ್‌ವರ್ಡ್ ಸೀಲ್, ಸಹಿ, ತಾರೀಕು ಹಾಕಿಸಿಕೊಳ್ಳಿ. ತಗೊಳ್ಳುವುದಿಲ್ಲ ಎಂದರೆ ಜಗಳ ಬೇಡ. ನಿಮ್ಮ ಸ್ವಂತ ಇಮೇಲ್‌ನಿಂದ ಕಳಿಸಿ, ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ. 2025ರಲ್ಲಿ ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಕೌಂಟರಿನಲ್ಲಿ "ತಲುಪಿದ್ದಕ್ಕೆ ಪುರಾವೆ ಬೇಕು" ಎಂದು ಕೇಳಿ. ಚೀಟಿಯ ಫೋಟೋ ತೆಗೆದಿಡಿ, ಆ ಶಾಯಿ ಬೇಗ ಅಳಿಸಿಹೋಗುತ್ತದೆ. ಸೂಪರ್‌ವೈಸರ್‌ಗೆ ವಾಟ್ಸಾಪ್ ಹಾಕಿದ್ದನ್ನೇ ರಾಜೀನಾಮೆ ಅಂದುಕೊಳ್ಳಬೇಡಿ.

ಜನ ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಮಾಲೀಕರ ಬಗ್ಗೆ ಎರಡು ಪುಟ ಬರೆಯುತ್ತಾರೆ. ಇಲ್ಲವೇ ಸುಮ್ನೆ ಜ್ವರ ಅಂತ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತರುತ್ತಾರೆ. ಮೊದಲನೆಯದು ಫೈಲಿನಲ್ಲಿ ಉಳಿಯುತ್ತದೆ, ಎರಡನೆಯದು ಅಪರಾಧವೇ ಆಗುತ್ತದೆ.

ಆದರೆ ನಿಜವಾದ ಕಾರಣ ಇದ್ದರೆ ಮುಚ್ಚಿಡಬೇಡಿ. ಎರಡು ತಿಂಗಳು ಪಗಾರ ಕೊಟ್ಟಿಲ್ಲವೇ? ತಿಂಗಳ ಹೆಸರು, ಮೊತ್ತ ಬರೆಯಿರಿ. ಕರಾರನ್ನು ಮೊದಲು ಮುರಿದವರು ಅವರು, ಆಮೇಲೆ ನೋಟಿಸ್ ಪಗಾರ ಕೇಳುವ ಬಾಯಿ ಸಣ್ಣದಾಗುತ್ತದೆ. ಲೈಂಗಿಕ ಕಿರುಕುಳದಿಂದ ಬಿಡುತ್ತಿದ್ದರೆ ನೌಕರಿ ಬಿಟ್ಟ ಮೇಲೂ ದೂರು ಕೊಡಬಹುದು. 2013ರ ಕಾಯ್ದೆಯಲ್ಲಿ ಘಟನೆ ನಡೆದ ಮೂರು ತಿಂಗಳೊಳಗೆ ಎಂದಿದೆ. ಹತ್ತು ಅಥವಾ ಜಾಸ್ತಿ ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ.

4. ಚಾರ್ಜ್ ಒಪ್ಪಿಸಿ, ಬರೆಸಿಕೊಳ್ಳಿ

ನೋಟಿಸ್ ಕೊಡದಿರುವುದು ಅಪರಾಧ ಅಲ್ಲ ಎಂದೆ. ಅದು ಪೊಲೀಸ್ ಠಾಣೆಗೆ ಹೋಗುವ ದಾರಿ ಒಂದೇ, ಕಂಪನಿಯ ವಸ್ತು ನಿಮ್ಮ ಮನೆಯಲ್ಲಿ ಉಳಿಯುವುದು. ಲ್ಯಾಪ್‌ಟಾಪ್, ಸಿಮ್, ಗೇಜು, ಸ್ಟೋರಿನ ಕೀಲಿ, ವಸೂಲಿ ದುಡ್ಡು, ಯಾವುದೇ ಇರಲಿ. ನಂಬಿ ಕೊಟ್ಟದ್ದನ್ನು ಹಿಂದಿರುಗಿಸಲಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಅಡಿ ದೂರು ಕೊಡಲು ಅದು ದಾರಿ ಮಾಡಿಕೊಡುತ್ತದೆ. ನೌಕರ ಮಾಡಿದರೆ ಅದರಲ್ಲಿ ಶಿಕ್ಷೆ ಇನ್ನೂ ಜಾಸ್ತಿ. "ಪಗಾರ ಕೊಟ್ಟ ಮೇಲೆ ಲ್ಯಾಪ್‌ಟಾಪ್ ಕೊಡ್ತೀನಿ" ಎಂಬ ಪಟ್ಟು ಗಟ್ಟಿತನ ಅನ್ನಿಸಬಹುದು. ಹಾಗೆ ಮಾಡಿದವನಿಗೆ ಪಗಾರವೂ ತಡ, ಠಾಣೆಯ ಓಡಾಟವೂ ಬೇರೆ.

ಪತ್ತಿನ ಸಹಕಾರಿ ಸಂಘದಲ್ಲಿ ಕ್ಯಾಶ್, ಪಿಗ್ಮಿ, ಸಾಲ ವಸೂಲಿ ನೋಡುವವರು ಈ ಹಂತವನ್ನು ಎರಡು ಸಲ ಓದಿ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಇಂಥ ಸಂಘಗಳು ಓಣಿಗೊಂದರಂತೆ ಇವೆ. ಕೆಲಸ ಮಾಡುವ ಹುಡುಗರೂ ಬಹಳ. ಬಿಡುವ ದಿನ ಕ್ಯಾಶ್ ಬುಕ್ಕನ್ನು ಮುಗಿಸಿ, ಕೈಯಲ್ಲಿರುವ ನೋಟು ಎಣಿಸಿ, ಯಾವ ನೋಟು ಎಷ್ಟು ಎಂದು ಬರೆದು ಮ್ಯಾನೇಜರ್ ಸಹಿ ಮಾಡಿಸಿ. ಪಿಗ್ಮಿ ಮಷೀನ್, ಉಳಿದ ರಸೀದಿ ಪುಸ್ತಕಗಳನ್ನು ನಂಬರ್ ಸಮೇತ ಒಪ್ಪಿಸಿ. ಸಾಫ್ಟ್‌ವೇರ್‌ನ ನಿಮ್ಮ ಐಡಿ ಬಂದ್ ಮಾಡಿ ಎಂದು ಬರೆದುಕೊಡಿ. ನೀವು ಹೋದ ಮೇಲೆ ಅದೇ ಐಡಿಯಿಂದ ಯಾರಾದರೂ ಎಂಟ್ರಿ ಹಾಕಿದರೆ ಹೆಸರು ನಿಮ್ಮದೇ ಬರುತ್ತದೆ. ಅಲ್ವಾ? ಆರು ತಿಂಗಳ ನಂತರ ಆಡಿಟ್‌ನಲ್ಲಿ ವ್ಯತ್ಯಾಸ ಕಂಡಾಗ ಆ ಒಂದು ಸಹಿಯೇ ನಿಮ್ಮ ಪರ ಮಾತಾಡುವುದು.

ಉಳಿದವರು "ನೋ ಡ್ಯೂಸ್" ಫಾರ್ಮ್, ಅಂದರೆ ಯಾವ ವಿಭಾಗಕ್ಕೂ ಬಾಕಿ ಇಲ್ಲ ಎಂಬ ಕಾಗದ, ಕೇಳಿ ತಗೊಳ್ಳಿ. ಎದುರಿಗೆ ಹೋಗುವ ಪರಿಸ್ಥಿತಿ ಇಲ್ಲದಿದ್ದರೆ ವಸ್ತುಗಳ ಫೋಟೋ ತೆಗೆದು, ಕೊರಿಯರ್ ಮಾಡಿ.

5. ಕಾಗದ ಬಂದರೆ ಉತ್ತರ ಕೊಡಿ

"ಕೆಲಸಕ್ಕೆ ಹಾಜರಾಗಿ" ಎಂಬ ಪತ್ರ, ಆಮೇಲೆ ಕಾರಣ ಕೇಳುವ ನೋಟಿಸ್, ಕೊನೆಗೆ ವಕೀಲರ ನೋಟಿಸ್. ಸಾಮಾನ್ಯವಾಗಿ ಈ ಕ್ರಮ. ಅವು ಹೋಗುವುದು ನೀವು ಸೇರುವಾಗ ಬರೆಸಿದ ವಿಳಾಸಕ್ಕೆ. ಊರಲ್ಲಿ ಅಪ್ಪ ಹೆದರಿ ಪೋಸ್ಟ್ ವಾಪಸ್ ಕಳಿಸುವುದುಂಟು. ಹಾಗೆ ಮಾಡಿದರೆ ಕಾಗದ ಇಲ್ಲದಂತೆ ಆಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಡಿ. ಉತ್ತರ ಮೂರೇ ಸಾಲು: ಇಂಥ ದಿನ ರಾಜೀನಾಮೆ ಕೊಟ್ಟಿದ್ದೇನೆ, ಪ್ರತಿ ಜೊತೆಗಿದೆ, ನೋಟಿಸ್ ಪಗಾರ ಹೊಂದಿಸಿಕೊಳ್ಳಿ.

ಕೋರ್ಟಿಗೆ ಹೋಗಿ ನಿಮ್ಮನ್ನು ಬಲವಂತವಾಗಿ ಕೆಲಸಕ್ಕೆ ಕರೆಸಲು ಆಗುವುದಿಲ್ಲ. ವ್ಯಕ್ತಿಯ ಸೇವೆಯ ಕರಾರನ್ನು ಹಾಗೆ ಜಾರಿ ಮಾಡಿಸಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಬಿಡುವುದಿಲ್ಲ. "ಬಿಟ್ಟ ಮೇಲೆ ಎರಡು ವರ್ಷ ಬೇರೆ ಫೌಂಡ್ರಿಯಲ್ಲಿ ಕೆಲಸ ಮಾಡುವಂತಿಲ್ಲ" ಎಂಬಂಥ ಶರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಆದರೆ ಕಂಪನಿಯ ಗುಟ್ಟು ಬಿಟ್ಟುಕೊಡಬಾರದು ಎಂಬ ಶರತ್ತು ಬೇರೆ, ಅದು ನಿಲ್ಲುತ್ತದೆ.

ಬಾಂಡ್ ವಿಷಯದಲ್ಲಿ ಮಾತ್ರ "ಎಲ್ಲಾ ಬಾಂಡ್ ಸುಳ್ಳು, ಹರಿದು ಹಾಕು" ಎನ್ನುವ ಗೆಳೆಯರ ಮಾತು ಕೇಳಬೇಡಿ. ವಿಜಯಾ ಬ್ಯಾಂಕಿನ ಒಂದು ಪ್ರಕರಣ ನೋಡಿ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಶರತ್ತು. ಅಧಿಕಾರಿಯೊಬ್ಬರು ಮುಂಚೆಯೇ ಬಿಟ್ಟರು. ಕರ್ನಾಟಕ ಹೈಕೋರ್ಟಿನಲ್ಲಿ ಅವರ ಪರ ಆಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಶರತ್ತು ಸರಿ ಎಂದಿತು. ಹಾಗಂತ ಬರೆದಷ್ಟೂ ಕೊಡಲೇಬೇಕು ಎಂದಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತವೇ ಗರಿಷ್ಠ, ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರ. 15 ಸಾವಿರ ಪಗಾರದವನಿಗೆ ಐದು ಲಕ್ಷದ ಬಾಂಡ್, ತರಬೇತಿ ಏನೂ ಕೊಟ್ಟಿಲ್ಲ ಎಂದರೆ ವಾದ ಮಾಡಲು ಜಾಗ ಇದೆ. ಇದಕ್ಕೆ ವಕೀಲರ ಬಳಿ ಹೋಗಿ. ಜಿಲ್ಲಾ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ಸಹಾಯವಾಣಿ 15100.

ಸೇರುವಾಗ ಖಾಲಿ ಚೆಕ್ ಕೊಟ್ಟಿದ್ದರೆ ರಾಜೀನಾಮೆಯಲ್ಲೇ ಚೆಕ್ ನಂಬರ್ ಬರೆದು, ಭದ್ರತೆಗೆ ಕೊಟ್ಟದ್ದು, ಹಿಂದಿರುಗಿಸಿ ಎಂದು ಕೇಳಿ. ಅದನ್ನು ತುಂಬಿ ಬ್ಯಾಂಕಿಗೆ ಹಾಕಿ ಬೌನ್ಸ್ ಆದರೆ ಮಾಲೀಕರಿಂದ ನೋಟಿಸ್ ಬರುತ್ತದೆ. ನೋಟಿಸ್ ಸಿಕ್ಕ 15 ದಿನ ನಿಮ್ಮ ಕೈಯಲ್ಲಿರುತ್ತದೆ. ನೋಟಿಸ್ ಪಗಾರದ ಹಾಗಲ್ಲ, ಚೆಕ್ ಬೌನ್ಸ್ ಕ್ರಿಮಿನಲ್ ಕೇಸ್, ಸುಮ್ನೆ ಕೂರಬೇಡಿ.

ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದಾರೆಯೇ? ಖಾಸಗಿ ಶಾಲೆ, ಆಸ್ಪತ್ರೆಗಳಲ್ಲಿ ಇದು ಜಾಸ್ತಿ. ಹಾಗೆ ಹಿಡಿದಿಡಲು ಮಾಲೀಕರಿಗೆ ಯಾವ ಕಾನೂನೂ ಅಧಿಕಾರ ಕೊಟ್ಟಿಲ್ಲ. ಮೊದಲು ಬರವಣಿಗೆಯಲ್ಲಿ ಕೇಳಿ, ಕೊಡದಿದ್ದರೆ ವಕೀಲರ ನೋಟಿಸ್ ಕೊಡಿಸಿ. ಬಹಳ ಸಲ ಆ ನೋಟಿಸ್‌ಗೇ ಕವರ್ ವಾಪಸ್ ಬರುತ್ತದೆ.

6. ನಿಮಗೆ ಬರಬೇಕಾದ್ದು ಕೇಳಿ ತಗೊಳ್ಳಿ

ನೋಟಿಸ್ ಕೊಡಲಿಲ್ಲ ಎಂಬ ತಪ್ಪಿತಸ್ಥ ಭಾವದಲ್ಲಿ ಹಲವರು ಇದನ್ನೇ ಬಿಟ್ಟುಬಿಡುತ್ತಾರೆ. ಮಾಡಿದ ಕೆಲಸದ ಪಗಾರ ನಿಮ್ಮದೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟು ಬಿಟ್ಟವರ ಪಗಾರ ಎರಡು ಕೆಲಸದ ದಿನದೊಳಗೆ ಕೊಡಬೇಕು. ನಡೆಯುವುದು ಮುಂದಿನ ತಿಂಗಳ ಪಗಾರದ ಜೊತೆಗೆ, ಅದೂ ನಾಲ್ಕು ಸಲ ಫೋನ್ ಮಾಡಿದರೆ. ಒಂದು ಪಗಾರದ ಅವಧಿಯಲ್ಲಿ ಒಟ್ಟು ಕಡಿತ ಅರ್ಧಕ್ಕಿಂತ ಜಾಸ್ತಿ ಆಗಬಾರದು ಎಂದೂ ಅದೇ ಸಂಹಿತೆ ಹೇಳುತ್ತದೆ. ಕೊಡದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅರ್ಜಿ ಕೊಡಿ. ಪಗಾರ ಚೀಟಿ, ಪಾಸ್‌ಬುಕ್ ನಕಲು ಜೊತೆಗಿರಲಿ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಇನ್ನೂ ಮುಖ್ಯ. ಕಾಯಂ ನೌಕರನಿಗೆ ಐದು ವರ್ಷ ಸತತ ಸೇವೆ ಆಗಿದ್ದರೆ ಪ್ರತಿ ವರ್ಷಕ್ಕೆ 15 ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ಇದ್ದು ಆರು ವರ್ಷ ಆಗಿದ್ದರೆ ಸುಮಾರು 51,923 ರೂಪಾಯಿ. ಇದನ್ನು ಹಿಡಿದಿಡುವುದು ನಷ್ಟ ಮಾಡಿದ, ಗಲಾಟೆ-ಹಿಂಸೆ ಮಾಡಿದಂಥ ಕಾರಣಕ್ಕೆ ಕೆಲಸದಿಂದ ತೆಗೆದಾಗ ಮಾತ್ರ. ನೋಟಿಸ್ ಕೊಡದಿರುವುದು ಆ ಪಟ್ಟಿಯಲ್ಲಿ ಇಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿಗೆ ಮಾತ್ರ ಬರುವ ಕಾರ್ಮಿಕರಿಗೆ ಲೆಕ್ಕ ಬೇರೆ, ಒಂದು ಹಂಗಾಮಿಗೆ ಏಳು ದಿನದ ಪಗಾರ.

ಐದು ವರ್ಷಕ್ಕೆ ಎರಡು-ಮೂರು ತಿಂಗಳು ಬಾಕಿ ಇದ್ದರೆ? ನನ್ನನ್ನು ಕೇಳಿದರೆ ಹಲ್ಲು ಕಚ್ಚಿ ಮುಗಿಸಿ ಅಂತೀನಿ. ಸೇರಿದ ತಾರೀಕು ನೋಡದೆ ಬಿಟ್ಟು ಆಮೇಲೆ ಕೈ ಕೈ ಹಿಸುಕಿಕೊಂಡವರನ್ನು ಬಹಳ ಕಂಡಿದ್ದೇನೆ.

7. ಪಿಎಫ್ ಮತ್ತು ರಿಲೀವಿಂಗ್ ಲೆಟರ್

ಪಿಎಫ್ ದುಡ್ಡು ಸಾಮಾನ್ಯವಾಗಿ ಕಂಪನಿಯ ಬಳಿ ಇರುವುದಿಲ್ಲ, ಪಿಎಫ್ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಇಪಿಎಫ್‌ಒ ಬಳಿ ಇರುತ್ತದೆ. ತಡೆಹಿಡಿಯುತ್ತೇವೆ ಎಂಬ ಬೆದರಿಕೆಗೆ ಅರ್ಥವಿಲ್ಲ. ಅವರು ಮಾಡಬಹುದಾದ ಕಿರಿಕಿರಿ ಒಂದೇ, ನೀವು ಬಿಟ್ಟ ತಾರೀಕನ್ನು ಪೋರ್ಟಲ್‌ನಲ್ಲಿ ಹಾಕದೆ ಕೂರುವುದು. ಅದಕ್ಕೂ ದಾರಿ ಇದೆ. ಕೊನೆಯ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ಗೆ ಹೋಗಿ, "ಮ್ಯಾನೇಜ್" ಒಳಗೆ "ಮಾರ್ಕ್ ಎಕ್ಸಿಟ್" ಒತ್ತಿ ನೀವೇ ತಾರೀಕು ಹಾಕಬಹುದು. ಆಧಾರ್ ಮೊಬೈಲ್‌ಗೆ ಒಟಿಪಿ ಬರುತ್ತದೆ. ಕೊನೆಯ ಕಂತು ಯಾವ ತಿಂಗಳದ್ದೋ ಆ ತಿಂಗಳೊಳಗಿನ ತಾರೀಕೇ ಹಾಕಿ. ಹೊಸ ನೌಕರಿಗೆ ಸೇರಿದ ದಿನಕ್ಕಿಂತ ಮುಂಚಿನದೇ ಆಗಿರಲಿ, ಇಲ್ಲದಿದ್ದರೆ ಒಂದೇ ಹೊತ್ತಿಗೆ ಎರಡು ಕಡೆ ಕೆಲಸ ಎಂದು ಕಾಣುತ್ತದೆ. ತಪ್ಪು ಹಾಕಿದರೆ ತಿದ್ದಿಸುವುದು ದೊಡ್ಡ ಕೆಲಸ.

ದುಡ್ಡು ತೆಗೆಯುವ ಅವಸರ ಬೇಡ, ಹೊಸ ಖಾತೆಗೆ ವರ್ಗ ಮಾಡಿಸಿ. ಐದು ವರ್ಷದೊಳಗೆ ತೆಗೆದರೆ, ಮೊತ್ತ 50,000 ದಾಟಿದಾಗ ತೆರಿಗೆ ಕಟ್ ಆಗುತ್ತದೆ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕವೂ ಮುರಿಯುತ್ತದೆ.

ಇನ್ನು ರಿಲೀವಿಂಗ್ ಲೆಟರ್. ನೋಟಿಸ್ ಪಗಾರ ಕಟ್ಟಿದ ರಸೀದಿ ಹಚ್ಚಿ ಮತ್ತೊಮ್ಮೆ ಕೇಳಿ. ಸಿಟ್ಟು ಇಳಿಯಲು ಒಂದು ತಿಂಗಳು ಬಿಟ್ಟು ಕೇಳಿದರೆ ಕೊಟ್ಟ ಉದಾಹರಣೆಗಳಿವೆ. ನನ್ನ ಮೇಜಿನಿಂದಲೇ ಕೆಲವು ಹೋಗಿವೆ. ಕೊಡಲೇ ಇಲ್ಲವೆಂದರೆ ಹೊಸ ಕಂಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ರಾಜೀನಾಮೆಯ ಸೀಲ್ ಇರುವ ಪ್ರತಿ, ಸ್ಪೀಡ್ ಪೋಸ್ಟ್ ಚೀಟಿ, ಪಗಾರ ಚೀಟಿ, ಪಿಎಫ್ ಸೇವಾ ವಿವರದ ಪ್ರಿಂಟ್ ತೋರಿಸಿ. ಹಳೆಯ ನೌಕರಿಯನ್ನೇ ಬಯೋಡಾಟಾದಿಂದ ಅಳಿಸುವ ಬುದ್ಧಿವಂತಿಕೆ ಬೇಡ. ಹೊಸ ಕಂಪನಿಯವರು ನಿಮ್ಮ ಯುಎಎನ್ ಕೇಳಿದ ದಿನವೇ ಅದು ಗೊತ್ತಾಗುತ್ತದೆ.